ಬಿಯರ್ ಬಾಟಲಿಗೆ ಅಡುಗೆಮನೆಯಲ್ಲಿ ಜಾಗ ಕೊಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ರಾತ್ರಿ, ಎರಡು ಗಂಟೆ ಇರಬಹುದು, ಅಡುಗೆಮನೆಯಲ್ಲಿ ಲಕ್ಷ್ಮಿ ಪಟಾಕಿ ಹೊಡೆದಂಥ ಸದ್ದು. ಓಡಿಹೋಗಿ ಲೈಟ್ ಹಾಕಿದರೆ ನೆಲವೆಲ್ಲ ಶುಂಠಿ ನೀರು, ಗಾಜು. ಬೆಳಿಗ್ಗೆ ಗುಡಿಸುವಾಗ ನೋಡಿದೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಚೂರು ಕಿಟಕಿಯ ಮರದ ಚೌಕಟ್ಟಿಗೆ ನಾಟಿಕೊಂಡಿತ್ತು. ನಾನು ಒಗ್ಗರಣೆ ಹಾಕಲು ನಿಂತಾಗ ಕುತ್ತಿಗೆ ಎಲ್ಲಿರುತ್ತದೋ ಸರಿಯಾಗಿ ಆ ಎತ್ತರಕ್ಕೆ. ಕೈಯಲ್ಲಿ ಬರಲಿಲ್ಲ, ಇಕ್ಕಳ ಹಾಕಿ ಎಳೆದೆ.

ಒಡೆದದ್ದು ಆನ್‌ಲೈನ್‌ನಲ್ಲಿ ತರಿಸಿದ ಚೌಕಾಕಾರದ ಬಾಟಲಿ. ತಂತಿಯ ಕೊಕ್ಕೆ, ಬಿಳಿ ಬಿರಡೆ, ನೋಡಲು ಬಹಳ ಚೆಂದ. ಅದರ ಪಕ್ಕದಲ್ಲೇ, ಅದೇ ಪಾತ್ರೆಯಿಂದ ತುಂಬಿಸಿಟ್ಟ ಎರಡು ಹಳೇ ಬಿಯರ್ ಬಾಟಲಿಗಳು ಒಂದು ಗೆರೆಯೂ ಬೀಳದೆ ನಿಂತಿದ್ದವು.

ನಾನು ಮಾಡುವುದು ಜಿಂಜರ್ ಬಿಯರ್. ಹಸಿ ಶುಂಠಿ, ಸಕ್ಕರೆ, ನೀರು, ನಿಂಬೆರಸ. ಶುಂಠಿಯ ಸಿಪ್ಪೆಯಲ್ಲೇ ಇರುವ ಹುದುಗು ಉಳಿದ ಕೆಲಸ ಮಾಡುತ್ತದೆ. ಹುದುಗಿದ ಮೇಲೆ ಸ್ವಲ್ಪ ಆಲ್ಕೋಹಾಲ್ ಇದರಲ್ಲೂ ಹುಟ್ಟುತ್ತದೆ, ಅದಕ್ಕೇ ಎರಡು ದಿನ ದಾಟಿಸದೆ ಫ್ರಿಜ್‌ಗೆ ಹಾಕುತ್ತೇನೆ. ನಿಜವಾದ ಬಿಯರ್ ಅನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಲು 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ. ಅದನ್ನು ಮಾಡುವವನು ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ, ಅಲ್ಲಿ ಅದಕ್ಕೆ ಅಡ್ಡಿಯಿಲ್ಲ. ಬಾಟಲಿ ವಿಷಯದಲ್ಲಿ ನನ್ನ ಗುರು ಅವನೇ. ಆ ರಾತ್ರಿಯ ಫೋಟೋ ಕಳಿಸಿದ್ದಕ್ಕೆ ತಕ್ಷಣ ಫೋನ್ ಮಾಡಿ ಬೈದ. "ಅಕ್ಕಾ, ಮೂಲೆ ಇರೋ ಬಾಟ್ಲಿಗೆ ಗ್ಯಾಸ್ ತುಂಬ್ತಾರಾ ಯಾರಾದ್ರೂ?"

ಅವನು ಹೇಳಿದ್ದು ಇಷ್ಟು. ದುಂಡಗಿನ ಗಾಜಿನಲ್ಲಿ ಒತ್ತಡ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ, ಚೌಕದ್ದರಲ್ಲಿ ಮೂಲೆಗೆ ಬಂದು ಕೂರುತ್ತದೆ. ಬಿಯರ್‌ನಲ್ಲಿ ಸಕ್ಕರೆಯೆಲ್ಲ ಹುದುಗಿ ಮುಗಿದ ಮೇಲೆ ಲೀಟರಿಗೆ 6-7 ಗ್ರಾಂ ಸಕ್ಕರೆ ಹೊಸದಾಗಿ ಹಾಕಿ ಮುಚ್ಚಳ ಬಿಗಿಯುತ್ತಾರೆ. ಹುದುಗು ಅದನ್ನು ತಿಂದು ಗ್ಯಾಸ್ ಬಿಡುತ್ತದೆ. ಅಷ್ಟಕ್ಕೇ, ಬೆಂಗಳೂರಿನ 25 ಡಿಗ್ರಿಯಲ್ಲಿ, ಒಳಗಿನ ಒತ್ತಡ ಹೆಚ್ಚುಕಡಿಮೆ ಕಾರಿನ ಟೈರಿನಷ್ಟಾಗುತ್ತದೆ. ನನ್ನ ಶುಂಠಿ ನೀರಿನಲ್ಲಿ ಇರುವುದು ಲೀಟರಿಗೆ 80 ಗ್ರಾಂ, ಅದೂ ಹುದುಗು ಇನ್ನೂ ತಿನ್ನುತ್ತಾ ಇರುವಾಗಲೇ ಮುಚ್ಚುವುದು. ಹೊರಗೇ ಬಿಟ್ಟರೆ ಯಾವ ಗಾಜೂ ತಡೆಯುವುದಿಲ್ಲ. ಅದಕ್ಕೇ ಈಗ ಪ್ರತಿ ಸಲವೂ ಒಂದು ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನೂ ಜೊತೆಗೆ ತುಂಬಿಸುತ್ತೇನೆ. ಅದನ್ನು ಅಮುಕಿ ನೋಡುವುದು. ಕಲ್ಲಿನಂತೆ ಗಟ್ಟಿಯಾಯಿತೋ, ಎಲ್ಲವೂ ಫ್ರಿಜ್‌ಗೆ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಗಟ್ಟಿಯಾಗಿದ್ದೂ ಇದೆ.

ಇಷ್ಟೆಲ್ಲ ಬರೆಯಲು ಕಾರಣ ಬೇರೆ. ನಮ್ಮ ಮನೆಗಳಲ್ಲಿ ಬಿಯರ್ ಬಾಟಲಿಗೆ ಅಂಟಿದ ಕಳಂಕ. ಮೊದಲ ದಿನ ಅತ್ತೆ ಬಾಗಿಲಲ್ಲೇ ತಡೆದರು. "ಏನೇ ಇದು, ದೇವರ ಮನೆ ಪಕ್ಕದಲ್ಲಿ ಬೀರ್ ಬಾಟ್ಲಿ?" ಗುಜರಿ ಅಂಗಡಿಯವನೂ ಅಷ್ಟೇ. ನಾಲ್ಕು ಖಾಲಿ ಬಾಟಲಿ ಕೇಳಿದರೆ "ನಿಮಗ್ಯಾಕೆ ಮೇಡಂ?" ಅಂತ ಸುತ್ತ ನೋಡಿದ, ಬೇರೆಯವರು ಕೇಳಿಸಿಕೊಂಡರೇನೋ ಎಂಬಂತೆ. ವೈನ್ ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟು ಹಾಲಿನಲ್ಲಿ ಸಿಂಗರಿಸುತ್ತೇವೆ. ಆ ವೈನ್ ಬಾಟಲಿ ಒತ್ತಡಕ್ಕೆಂದು ಮಾಡಿದ್ದೇ ಅಲ್ಲ, ಅದರಲ್ಲಿ ಹುದುಗುವ ಪಾನೀಯ ತುಂಬಿ ಬಿಗಿಯುವುದು ಅಪಾಯ. ಆ ಕೆಲಸಕ್ಕೆಂದೇ ಹುಟ್ಟಿದ 650 ಎಂಎಲ್ ಕಂದು ಬಾಟಲಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಗಾಜಿಗೆ ಮಡಿ ಮೈಲಿಗೆ ಇಲ್ಲ. ಒಡೆದು ಕರಗಿಸಿ ಇನ್ನೊಂದು ಬಾಟಲಿ ಮಾಡಲು ಕುಲುಮೆಯಲ್ಲಿ ಸುಮಾರು 1500 ಡಿಗ್ರಿ ಕಾವು ಬೇಕು. ತೊಳೆಯಲು ಒಂದು ಬಕೆಟ್ ನೀರು ಸಾಕು. ಗೋಲಿ ಸೋಡಾ ಅಂಗಡಿಯ ಮುಂದೆ ನಿಂತು ಕುಡಿದು, ಬಾಟಲಿ ವಾಪಸ್ ಕೊಟ್ಟು ಬರುತ್ತಿದ್ದವರು ನಾವೇ ಅಲ್ಲವೇ? ಎಷ್ಟು ಜನರ ತುಟಿಗೆ ತಾಗಿದ ಸೀಸೆ ಅದು!

ಕಂದು ಬಣ್ಣದ ಬಗ್ಗೆ ಒಂದು ಮಾತು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್‌ ಎಂಬ ಹೂವಿನ ಅಂಶ ಬೆಳಕು ಬಿದ್ದರೆ ಒಡೆದು ಕೆಟ್ಟ ನಾತ ಬರುತ್ತದೆ. ಕಂದು ಗಾಜು ಅದನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ. ಶುಂಠಿಗೆ ಆ ಕಾಟವಿಲ್ಲ, ಯಾವ ಬಣ್ಣವಾದರೂ ಸರಿ.

ಹಾಗೆಂದು ಸಿಕ್ಕಿದ್ದನ್ನೆಲ್ಲ ತರಬೇಡಿ. ಮೊದಲು ಮೂಸಿ ನೋಡಿ. ನಮ್ಮೂರಲ್ಲಿ ಇದೇ ಬಾಟಲಿಯಲ್ಲಿ ಫಿನಾಯಿಲ್, ಸೀಮೆಎಣ್ಣೆ, ಆಸಿಡ್ ತುಂಬಿಡುವವರಿದ್ದಾರೆ. ಅನುಮಾನ ಬಂದರೂ ಸಾಕು, ಬಿಟ್ಟುಬಿಡಿ. ಆಮೇಲೆ ಬಾಯಿಯ ಅಂಚಿನ ಮೇಲೆ ಉಗುರನ್ನು ನಿಧಾನವಾಗಿ ಸುತ್ತ ಆಡಿಸಿ. ಓಪನರ್ ತಾಗಿ ಎಳ್ಳಿನಷ್ಟು ಗಾಜು ಹಾರಿದ್ದರೂ ಉಗುರಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಿಸಿಲಿಗೆ ಹಿಡಿದರೆ ಭುಜದ ಸುತ್ತ, ತಳದ ಹತ್ತಿರ ಬಿಳಿ ಉಂಗುರ ಕಾಣಬಹುದು. ಫ್ಯಾಕ್ಟರಿಯ ಸಾಲಿನಲ್ಲಿ ಒಂದಕ್ಕೊಂದು ಉಜ್ಜಿಕೊಂಡು, ಆ ಬಾಟಲಿ ಎಷ್ಟೋ ಸಲ ಹೋಗಿ ಬಂದಿದೆ ಎಂಬ ಗುರುತು. ಉಂಗುರ ತೆಳ್ಳಗಿದ್ದರೆ ಇಟ್ಟುಕೊಳ್ಳುತ್ತೇನೆ. ಬೆರಳಿಗೆ ಒರಟಾಗಿ ತಾಗುವಷ್ಟು ಸವೆದಿದ್ದರೆ ಬೇಡ, ಗೀರು ಬಿದ್ದ ಗಾಜು ಗೀರಿನಿಂದಲೇ ಬಿರಿಯುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ್ದೂ ಬೇಡ, ಅದರ ಬಾಯಿಗೆ ಹೊಸ ಬಿಲ್ಲೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ತೊಳೆಯಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ, ಲೇಬಲ್ ತಾನೇ ಕಳಚಿಕೊಳ್ಳುತ್ತದೆ. ತಣ್ಣಗಿನ ಬಾಟಲಿಗೆ ಕುದಿಯುವ ನೀರು ಮಾತ್ರ ಸುರಿಯಬೇಡಿ. ಒಳಗೆ ಬೂಷ್ಟು ಒಣಗಿ ಹಿಡಿದಿದ್ದರೆ ಎಷ್ಟು ಉಜ್ಜಿದರೂ ನನಗೆ ಸಮಾಧಾನವಾಗುವುದಿಲ್ಲ, ಅಂಥದ್ದು ಗುಜರಿಗೇ ಹೋಗಲಿ.

ಆದ್ದರಿಂದ ಕುಡಿಯುವವರಲ್ಲಿ ನನ್ನದೊಂದೇ ಬೇಡಿಕೆ. ಗ್ಲಾಸಿಗೆ ಬಗ್ಗಿಸಿದ ಕೂಡಲೇ ಬಾಟಲಿಗೆ ಅರ್ಧ ನೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಿ, ಬೋರಲು ಹಾಕಿ. ಅರ್ಧ ನಿಮಿಷದ ಕೆಲಸ. ಕೆಳಗಿನ ಮನೆಯ ಹುಡುಗರಿಗೆ ಇದನ್ನೇ ಹೇಳಿದ್ದೆ. ಮೊದಲು ನಾಚಿಕೊಂಡರು, "ಆಂಟಿ, ಅಜ್ಜಿಗೆ ಹೇಳ್ಬೇಡಿ" ಅಂದರು. ಈಗ ಸೋಮವಾರ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ತೊಳೆದ ಬಾಟಲಿಗಳ ಚೀಲ ಇರುತ್ತದೆ. ಅದನ್ನು ಒಳಗೆ ತಂದು, ಒಂದೊಂದನ್ನೇ ಮೂಸಿ ನೋಡಿ, ಸೋಡಾ ನೀರಿಗೆ ಹಾಕುವವರು ನಮ್ಮ ಅತ್ತೆ.