ಸ್ಪಷ್ಟನೆ: ಬ್ರೆಕ್ಸಿಟ್ ಮತ್ತು ‘ಶೇ 36’ರ ಕಥೆ

ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂದು ಕೇಳಿದ 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ 18–24 ವಯಸ್ಸಿನವರ ಪೈಕಿ ಶೇ 36ರಷ್ಟು ಜನ ಮಾತ್ರ ಮತ ಹಾಕಿದರು, ಅದರಿಂದಲೇ ಫಲಿತಾಂಶ ತಿರುಗಿತು ಎಂಬ ಮಾತು ಇನ್ನೂ ಹರಿದಾಡುತ್ತಿದೆ. ಆ ಅಂಕಿ ಮತಗಟ್ಟೆಯ ಲೆಕ್ಕವಲ್ಲ. ಬ್ರಿಟನ್ನಿನ ಮತಪತ್ರದಲ್ಲಿ ವಯಸ್ಸು ದಾಖಲಾಗುವುದೇ ಇಲ್ಲ. 2015ರ ಚುನಾವಣೆಯಲ್ಲಿ ಮತ ಹಾಕಿದ್ದಿರಾ, ಮುಂದೆ ಹಾಕುವುದು ಎಷ್ಟು ಖಚಿತ ಎಂಬ ಪ್ರಶ್ನೆಗಳಿಗೆ ಬಂದ ಉತ್ತರಗಳಿಂದ ಸಮೀಕ್ಷಾ ಸಂಸ್ಥೆ ಸ್ಕೈ ಡೇಟಾ ಕಟ್ಟಿದ ಅಂದಾಜು ಅದು.

ಮತದಾನದ ನಂತರ ಒಪಿನಿಯಂ ಎಂಬ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಇದೇ ವಯಸ್ಸಿನವರ ಮತದಾನ ಪ್ರಮಾಣ ಸಿಕ್ಕಿದ್ದು ಸುಮಾರು ಶೇ 64. ಇದೂ ಅಂದಾಜೇ, ಅದೂ ಹೆಸರು ನೋಂದಾಯಿಸಿದವರದ್ದು ಮಾತ್ರ. ನೋಂದಣಿಯೇ ಆಗದವರು, ಯುವಜನರಲ್ಲಿ ಅಂಥವರೇ ಹೆಚ್ಚು, ಇದರಲ್ಲಿಲ್ಲ. 65 ದಾಟಿದವರಲ್ಲಿ ಪ್ರಮಾಣ ಶೇ 90ರ ಆಸುಪಾಸು. ಅಂತರ ಇದ್ದದ್ದು ನಿಜ, ಆದರೆ ಹೇಳುವಷ್ಟು ಅಲ್ಲ.

ಇನ್ನು ಫಲಿತಾಂಶದ ಮಾತು. ‘ಹೊರಬರೋಣ’ ಎಂದವರ ಗೆಲುವಿನ ಅಂತರ 12,69,501 ಮತ. ಯುವಜನರಲ್ಲಿ ‘ಉಳಿಯೋಣ’ ಎಂದವರು ಶೇ 70ರಷ್ಟು. ಅಂದರೆ ಹೊಸದಾಗಿ ಬಂದ ಪ್ರತಿ 100 ಮತಕ್ಕೆ ನಿವ್ವಳ ಲಾಭ 40. ಅಂತರ ಮುಚ್ಚಲು ಇನ್ನೂ ಸುಮಾರು 32 ಲಕ್ಷ ಯುವಜನ ಬರಬೇಕಿತ್ತು. ಆ ವಯೋಮಾನದ ಒಟ್ಟು ಜನಸಂಖ್ಯೆಯೇ 60 ಲಕ್ಷದ ಹತ್ತಿರ. ಮತ ಹಾಕದ ನೋಂದಾಯಿತರೆಲ್ಲ ಬಂದಿದ್ದರೂ 22 ಲಕ್ಷ ದಾಟುತ್ತಿರಲಿಲ್ಲ.