ಸತ್ತವರ ನಾಮಿನಿ ಯಾರು?

ಟೀವಿ ನೋಡುವವರು ಕೂತು ನೋಡಬೇಕು. ಬೇಡದಿದ್ದರೆ ಎದ್ದು ಹೋಗಬೇಕು. ನಮ್ಮ ಮನೆಯಲ್ಲಿ ಮೂರನೇ ಥರದವರೊಬ್ಬರಿದ್ದಾರೆ. ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಬಾಗಿಲಿಗೆ ಒರಗಿ, "ನಾನು ನೋಡ್ತಾ ಇಲ್ಲ, ನೀನು ನೋಡು" ಎನ್ನುತ್ತಲೇ ಇಡೀ ಎಪಿಸೋಡು ಮುಗಿಸುತ್ತಾರೆ. ನಮ್ಮ ಯಜಮಾನರು. ನಿನ್ನೆ ರಾತ್ರಿಯ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕೊರಿಯನ್ ಸೀರಿಯಲ್ ನೋಡುವವರ ಕಷ್ಟ ನೋಡುವವರಿಗೇ ಗೊತ್ತು. ನಮ್ಮ ಸೀರಿಯಲ್ ಆದರೆ ಅಡುಗೆಮನೆಯಿಂದಲೇ ಕಥೆ ತಿಳಿಯುತ್ತದೆ. ಮೂರು ಸಲ ಗುಡುಗಿನ ಸದ್ದು ಬಂತೋ, ಅತ್ತೆಗೆ ಗುಟ್ಟು ಗೊತ್ತಾಯಿತು ಅಂತ ಲೆಕ್ಕ. ಕೊರಿಯನ್ ಹಾಗಲ್ಲ. ಸಬ್‌ಟೈಟಲ್ ಮೇಲಿಂದ ಕಣ್ಣು ತೆಗೆಯೋ ಹಾಗಿಲ್ಲ, ಸೊಪ್ಪು ಬಿಡಿಸೋ ಹಾಗೂ ಇಲ್ಲ. ಹಾಲಿಗೆ ಹೆಪ್ಪು ಹಾಕಿ, ಒಲೆ ಒರೆಸಿ, ಇಡ್ಲಿ ಹಿಟ್ಟು ಮುಚ್ಚಿಟ್ಟ ಮೇಲೆ ಸಿಗುವ ಒಂದೇ ಗಂಟೆ ನನ್ನದು.

ಈಗ ನೋಡುತ್ತಿರುವುದು 'ಮಿಸ್ಸಿಂಗ್: ದಿ ಅದರ್ ಸೈಡ್'. 2020ರಲ್ಲಿ ಅಲ್ಲಿನ ಓಸಿಎನ್ ಚಾನೆಲ್ಲಿನಲ್ಲಿ ಬಂದದ್ದು, 12 ಎಪಿಸೋಡು. ಕಿಮ್ ವುಕ್ ಅಂತ ಒಬ್ಬ. ಮನಸ್ಸು ಒಳ್ಳೆಯದು, ಕಸುಬು ಮೋಸ. ಒಂದು ಕಿಡ್ನ್ಯಾಪ್ ಅವನ ಕಣ್ಣಿಗೆ ಬೀಳುತ್ತದೆ. ರೌಡಿಗಳು ಅಟ್ಟಿಸಿಕೊಂಡು ಬರುತ್ತಾರೆ, ಇವನು ಬೆಟ್ಟದಿಂದ ಕೆಳಕ್ಕೆ ಬೀಳುತ್ತಾನೆ. ಬದುಕಿಕೊಂಡು ನೋಡಿದರೆ ಅಲ್ಲೊಂದು ಊರು, ದುವೋನ್. ಜನ ಊಟ ಮಾಡುತ್ತಾರೆ, ಹರಟುತ್ತಾರೆ, ಜಗಳ ಆಡುತ್ತಾರೆ. ಎಲ್ಲರೂ ಸತ್ತವರು! ಹೆಣ ಸಿಗದೇ ಇರುವುದರಿಂದ ಹೊರಗಿನ ಲೆಕ್ಕದಲ್ಲಿ ಇನ್ನೂ ಕಾಣೆಯಾದವರು. ಹೆಣ ಸಿಕ್ಕ ಕ್ಷಣ ಊರಿನಿಂದ ಮಾಯವಾಗುತ್ತಾರೆ. ಅವರು ಕಾಣುವುದು ಕಿಮ್ ವುಕ್‌ಗೆ ಮತ್ತು ಜಾಂಗ್ ಪಾನ್ ಸೊಕ್ ಅನ್ನೋ ಯಜಮಾನನಿಗೆ. ಆತ ಕಾಣೆಯಾದ ಮಗಳನ್ನು ವರ್ಷಗಟ್ಟಲೆ ಹುಡುಕುತ್ತಿರುವವನು. ಮಗಳು ಸಿಕ್ಕಳಾ ಅಂತ ಕೇಳಬೇಡಿ. ಹೇಳಿದರೆ ನನಗೂ ಬಾಗಿಲಿಗೆ ಒರಗಿದವರಿಗೂ ಏನು ವ್ಯತ್ಯಾಸ?

ಭಯದ ಸೀರಿಯಲ್ ಅಲ್ಲ ಇದು. ಅವರ ಹಳೇ ಕಾಲದ ದೆವ್ವವೂ ನಮ್ಮದರ ಹಾಗೇ ಬಿಳಿ ಬಟ್ಟೆ ಉಟ್ಟು, ಕೂದಲು ಬಿಟ್ಟುಕೊಂಡು ಬರುತ್ತದೆ. ದುವೋನ್‌ನವರು ಮಾತ್ರ ನೀಟಾಗಿ ತಲೆ ಬಾಚಿಕೊಂಡು ಕಾಫಿ ಕುಡಿಯುತ್ತಾರೆ. ನಮ್ಮವರ ತಕರಾರು ಶುರುವಾದದ್ದೇ ಅಲ್ಲಿ.

"ಇವಳು ಸತ್ತಿದ್ದಾಳಾ?"

"ಹೂಂ."

"ಮತ್ತೆ ಕಾಫಿ ಕುಡೀತಿದ್ದಾಳೆ?"

"ಊರಲ್ಲಿ ಕೆಫೆ ಇದೆ ರೀ."

"ದುಡ್ಡು ಯಾರು ಕೊಡ್ತಾರೆ? ಹಾಲು ಎಲ್ಲಿಂದ ಬರುತ್ತೆ?"

ಅಷ್ಟರಲ್ಲಿ ನಾಲ್ಕು ಸಬ್‌ಟೈಟಲ್ ಹೋಗಿರುತ್ತದೆ. ಹಿಂದಕ್ಕೆ ಓಡಿಸಿ ನೋಡಿದರೆ, "ಇದು ಆಗಲೇ ಬಂತಲ್ಲ" ಎನ್ನುತ್ತಾರೆ. ನೋಡುತ್ತಿಲ್ಲವಂತೆ!

ಇವರು ಕೆಲಸ ಮಾಡುವುದು ವಿಮೆ ಕಂಪನಿಯ ಕ್ಲೇಮ್ ವಿಭಾಗದಲ್ಲಿ. ಯಾರಾದರೂ ಸತ್ತರು ಅಂದರೆ ನಮಗೆಲ್ಲ "ಅಯ್ಯೋ ಪಾಪ" ಅಂತ ಬರುತ್ತದೆ. ಇವರ ಬಾಯಲ್ಲಿ ಬರುವುದು "ನಾಮಿನಿ ಯಾರು?" ಪರದೆಯ ಮೇಲೆ ಹೊಸ ಆತ್ಮ ಕಾಣಿಸಿಕೊಂಡರೆ ಸಾಕು, ಬಾಗಿಲ ಕಡೆಯಿಂದ ಪ್ರಶ್ನೆ. ಇವನಿಗೆ ಮದುವೆ ಆಗಿತ್ತಾ? ಸಂಬಳದ ಕೆಲಸ ಇತ್ತಾ? ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟಿದ್ದಾರಾ? "ಅದೇ ಮೊದಲ ಡಾಕ್ಯುಮೆಂಟ್ ಕಣೇ. ಅದಿಲ್ಲ ಅಂದ್ರೆ ಏನೂ ಆಗಲ್ಲ."

ನಿನ್ನೆ ಏನಾಯಿತು ಕೇಳಿ. ವರ್ಷಾನುಗಟ್ಟಲೆ ಮಣ್ಣಿನಡಿ ಇದ್ದ ಒಂದು ಹೆಣ ಕೊನೆಗೂ ಸಿಗುತ್ತದೆ. ಇತ್ತ ಊರಿನಲ್ಲಿ ಆ ಜೀವ ಎಲ್ಲರ ಕಡೆ ನೋಡಿ ಒಮ್ಮೆ ನಗುತ್ತದೆ, ಮಾಯವಾಗುತ್ತದೆ. ನಾನು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದೆ. ಹಿನ್ನೆಲೆಯಲ್ಲಿ ಪಿಯಾನೊ. ಆಗ ಬಾಗಿಲ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು. ಇವರಿಗೂ ಕರುಳು ಚುರ್ ಅಂತು ಅಂದುಕೊಂಡು ತಿರುಗಿದೆ.

"ಸದ್ಯ! ಡೆತ್ ಸರ್ಟಿಫಿಕೇಟ್ ಸಿಗುತ್ತೆ."

ರಿಮೋಟು ಎಸೆಯಬೇಕು ಅನ್ನಿಸಿತು. ಹೊಸ ರಿಮೋಟು, ಸುಮ್ಮನಾದೆ. ನಾನು ಸೀರಿಯಲ್ ನಿಲ್ಲಿಸಿದ್ದನ್ನೇ ಪ್ರೋತ್ಸಾಹ ಅಂದುಕೊಂಡು ಇವರು ಒಂದು ಹೆಜ್ಜೆ ಒಳಗೆ ಬಂದು ಪಾಠ ಶುರು ಮಾಡಿದರು. ನಮ್ಮ ದೇಶದಲ್ಲಿ ಏಳು ವರ್ಷ ಸುದ್ದಿಯೇ ಇಲ್ಲ ಅಂದರೆ ಕೋರ್ಟು ಸತ್ತಿದ್ದಾರೆ ಅಂತ ಭಾವಿಸಬಹುದು. ಅಲ್ಲಿಯವರೆಗೆ ಪಾಲಿಸಿ ಉಳಿಯಬೇಕಾದರೆ ಮನೆಯವರು ಪ್ರೀಮಿಯಂ ಕಟ್ಟುತ್ತಿರಬೇಕು. ಆಮೇಲೆ ಫೋನು ತೆಗೆದು ಕೊರಿಯಾದ ಕಾನೂನನ್ನೂ ಹುಡುಕಿದರು. ಅಲ್ಲಿ ಐದೇ ವರ್ಷ. ಯುದ್ಧ, ಹಡಗು ಮುಳುಗಿದ್ದು, ಇಂಥವಾದರೆ ಒಂದೇ ವರ್ಷ. "ನಮಗಿಂತ ಫಾಸ್ಟ್ ಇದ್ದಾರೆ ಅಲ್ವಾ?" ಎಂದು ಮೆಚ್ಚಿಕೊಂಡರು. ಪರದೆಯ ಮೇಲೆ ಕಿಮ್ ವುಕ್ ಬಾಯಿ ತೆರೆದುಕೊಂಡು ಪಾಪ ಕಾಯುತ್ತಿದ್ದ. ಹಿಂದೆಲ್ಲ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ದೆವ್ವವೂ ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಇವರು ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿರುತ್ತಾರೆ, ಬರೆದು ಏನು ಪ್ರಯೋಜನ?

ನಮ್ಮತ್ತೆ ದಿವಾನದ ಮೇಲೆ ಹೂಬತ್ತಿ ಮಾಡುತ್ತಾ ಕೂತಿದ್ದರು. ಅವರಿಗೆ ಸಬ್‌ಟೈಟಲ್ಲೂ ಬೇಡ, ಕಾನೂನೂ ಬೇಡ. ನಾನು ಆಗಾಗ ಹೇಳಿದಷ್ಟು ಕಥೆ ಸಾಕು. ಎಲ್ಲ ಕೇಳಿಸಿಕೊಂಡು, "ಅಲ್ಲೂ ಹಿರಿಯರಿಗೆ ಎಡೆ ಇಡ್ತಾರೇನೇ?" ಎಂದರು. ಇಡುತ್ತಾರೆ. ಚುಸೋಕ್ ಅಂತ ಹಬ್ಬ, ಅವರ ಎಂಟನೇ ತಿಂಗಳ ಹುಣ್ಣಿಮೆಗೆ ಬರುತ್ತದೆ. ಎಷ್ಟೋ ವರ್ಷ ಅದರ ಮಾರನೇ ದಿನವೇ ನಮ್ಮ ಪಿತೃಪಕ್ಷ ಶುರುವಾಗುತ್ತದೆ. ಅಷ್ಟು ಹೇಳಿದೆ. ಅತ್ತೆ ಸುಮ್ಮನೆ ಬತ್ತಿ ಹೊಸೆದರು.

ಅತ್ತೆಯ ತಮ್ಮ ಹುಡುಗನಾಗಿದ್ದಾಗಲೇ ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಅಂತ ಹೋದವರು, ಬರಲೇ ಇಲ್ಲ. ಕಾಗದ ಬಂದದ್ದೂ ನಿಂತುಹೋಯಿತು. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ, ಅವತ್ತು ಇಡಿ ಅಂತ ಪುರೋಹಿತರು ಪ್ರತಿ ವರ್ಷ ಹೇಳುತ್ತಾರೆ. ಅತ್ತೆ ಒಪ್ಪುವುದಿಲ್ಲ. "ಇಟ್ಟರೆ ನಾನೇ ಅವನನ್ನ ಸಾಯಿಸಿದ ಹಾಗಲ್ವಾ?" ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಏಳು ವರ್ಷವೂ ಇಲ್ಲ, ಐದು ವರ್ಷವೂ ಇಲ್ಲ.

ಬಾಟಲಿಯವರೂ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರು. ಸೋದರಮಾವ ಅಲ್ವಾ. ಒಂದೇ ನಿಮಿಷ. ಆಮೇಲೆ, "ಅದಿರಲಿ, ಆ ಕೆಫೆಗೆ ಲೈಸೆನ್ಸ್ ಯಾರ ಹೆಸರಲ್ಲಿದೆ?"

ಟೀವಿ ಆರಿಸಿ ಮಲಗಿದೆ. ಇವತ್ತು ಮಧ್ಯಾಹ್ನ ಮನೆ ಖಾಲಿ ಇತ್ತು, ನೆಮ್ಮದಿಯಾಗಿ ಮುಂದುವರಿಸೋಣ ಅಂತ ಕೂತೆ. ನೋಡಿದರೆ ನಾನು ಬಿಟ್ಟ ಎಪಿಸೋಡು ಪೂರ್ತಿ ಮುಗಿದಿದೆ. ಅದರ ಮುಂದಿನದೂ ಮುಗಿದಿದೆ. ಅದರಾಚೆಯದು ಅರ್ಧ ಆಗಿದೆ. ಅಲ್ಲಿನ ಟಿವಿಎನ್ ಚಾನೆಲ್ಲಿನಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ಎರಡನೇ ಸೀಸನ್ನು ಬೇರೆ ಲಿಸ್ಟಿಗೆ ಸೇರಿದೆ. ಅತ್ತೆಗೆ ರಿಮೋಟಿನಲ್ಲಿ ಸೌಂಡು ಬಿಟ್ಟು ಬೇರೆ ಗುಂಡಿ ಗೊತ್ತಿಲ್ಲ. ಆಫೀಸಿಗೇ ಫೋನ್ ಮಾಡಿದೆ.

"ನಾನ್ಯಾಕೆ ನೋಡ್ಲಿ? ನಿನ್ನ ಅಕೌಂಟ್ ಯಾರೋ ಹ್ಯಾಕ್ ಮಾಡಿರಬೇಕು. ನಿನ್ನ ಸೀರಿಯಲ್ಲಲ್ಲಿ ಆ ಜೊಂಗ್-ಆ ಮಾಡ್ತಾಳಲ್ಲ, ಹಗಲೆಲ್ಲಾ ಸರ್ಕಾರಿ ಕೆಲಸ, ರಾತ್ರಿ ಹ್ಯಾಕಿಂಗು... ಹಾಗೆ."