ಗ್ರಾಮಸಭೆಗೆ ನಾವು ಯಾಕೆ ಹೋಗುವುದಿಲ್ಲ?

ನಮ್ಮಪ್ಪ ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವರು, ಆಗಿದ್ದರು. ಮೇಲೆ ಸಾಹುಕಾರರ ಬಂಗಲೆ, ಕೆಳಗೆ ಆಳುಗಳ ಲೈನ್ ಮನೆಗಳು, ನಡುವೆ ನಮ್ಮ ಎರಡು ಕೋಣೆಯ ಮನೆ. ಬಟವಾಡೆ ದಿನ ತಕರಾರು ಬಂದರೆ ಆಳುಗಳು ನೇರ ಬಂಗಲೆಗೆ ಹೋಗುತ್ತಿರಲಿಲ್ಲ, ಅಪ್ಪನ ಹತ್ತಿರ ಬರುತ್ತಿದ್ದರು. ಅಪ್ಪ ಚೆಕ್‌ರೋಲ್ (ಹಾಜರಿ-ಕೂಲಿ ಪುಸ್ತಕ) ಹಿಡಿದುಕೊಂಡು ಮೇಲೆ ಹೋಗಿ ಮಾತಾಡಿ ಬರುತ್ತಿದ್ದರು. ಎರಡೂ ಕಡೆಯವರ ಕಷ್ಟ ಅವರಿಗೆ ಗೊತ್ತಿತ್ತು.

ಗ್ರೀಸಿನ ಅರಿಸ್ಟಾಟಲ್ ಸುಮಾರು 2,300 ವರ್ಷದ ಹಿಂದೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ತೀರಾ ಸಿರಿವಂತರಿಗೆ ಇನ್ನೊಬ್ಬರ ಮಾತು ಕೇಳಿ ಅಭ್ಯಾಸವಿಲ್ಲ, ತೀರಾ ಬಡವರಿಗೆ ತಲೆ ಬಗ್ಗಿಸುವುದು ಬಿಟ್ಟು ದಾರಿಯಿಲ್ಲ, ಇವರಿಬ್ಬರೇ ಇದ್ದರೆ ಅದು ಧಣಿ-ಆಳುಗಳ ಊರು, ನಡುವಿನವರು ಜಾಸ್ತಿ ಇದ್ದ ಕಡೆ ಆಡಳಿತ ಗಟ್ಟಿಯಾಗಿ ನಿಲ್ಲುತ್ತದೆ ಅಂತ. (ಅವನ ಲೆಕ್ಕದಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗ ಇರಲಿಲ್ಲ, ಅದನ್ನು ನಾನು ಒಪ್ಪುವುದಿಲ್ಲ.)

ನಮ್ಮ ಕಡೆ ಈ ನಡುವಿನವರು ಸುಮ್ನೆ ಹುಟ್ಟಿಕೊಳ್ಳಲಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾನೂನನ್ನು ಬಿಗಿ ಮಾಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಅನ್ನುವ ಅದರ ಮಿತಿ ಕಾಫಿ ತೋಟಗಳಿಗೆ ತಾಗಲಿಲ್ಲ. ನಾನು 14 ವರ್ಷದಿಂದ ಇರುವ ಕೇರಳದಲ್ಲೂ 1970ರ ಜನವರಿ 1ರಿಂದ ಗೇಣಿ ರದ್ದಾಯಿತು, ಅಲ್ಲೂ ತೋಟಗಳನ್ನು ಬಿಟ್ಟರು. ಶುರು ಒಂದೇ ಥರ, ಅಲ್ವಾ?

ಆಮೇಲಿನದು ಬೇರೆ. ಕೇರಳದಲ್ಲಿ 1996ರಿಂದ ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ಶುರು ಮಾಡಿದರು. ಪ್ರತಿ ವಾರ್ಡಿಗೂ ಗ್ರಾಮಸಭೆ, ಮೂರು ತಿಂಗಳಿಗೊಮ್ಮೆ. ಕೋಳಿಕ್ಕೋಡ್ ಹತ್ತಿರ ನಮ್ಮ ವಾರ್ಡಿನ ಸಭೆಗೆ ನಾನು ಮೊದಲ ಸಲ ಹೋದಾಗ ಸರ್ಕಾರದ ಮನೆ ಸಿಗುವವರ ಪಟ್ಟಿ ಓದುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, ಒಂದು ಹೆಸರು ಯಾಕೆ ಬಿಟ್ಟುಹೋಯಿತು ಅಂತ ಅರ್ಧ ಗಂಟೆ ಬಿಡದೆ ಕೇಳಿದರು. ಅವರಿಗೆ ಆ ಪಟ್ಟಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಯಾರಿಂದಲೂ ಏನೂ ಬೇಕಿಲ್ಲದವರು, ಅದಕ್ಕೇ ಹೆದರಲಿಲ್ಲ. ಉಳ್ಳವರೆಲ್ಲ ಅಲ್ಲಿಯೂ ಬರುವುದಿಲ್ಲ, ನಮ್ಮ ಬೀದಿಯ ದೊಡ್ಡ ಮನೆಯವರನ್ನು ನಾನು ಒಮ್ಮೆಯೂ ಕಂಡಿಲ್ಲ. ಆದರೆ ಅಂಥ ಮೇಷ್ಟ್ರು ನಾಲ್ಕು ಜನ ಇದ್ದರೂ ಸಾಕು, ಸಭೆಯ ಬಣ್ಣವೇ ಬದಲಾಗುತ್ತದೆ.

ಕರ್ನಾಟಕದ ಕಾನೂನಿನಲ್ಲೂ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ಊರಿಗೆ ಹೋದಾಗ ನನ್ನ ತಮ್ಮನನ್ನು, ಜೊತೆಗೆ ಓದಿದ ಮೇಷ್ಟ್ರುಗಳನ್ನು ಕೇಳುತ್ತೇನೆ, ಒಬ್ಬರೂ ಹೋಗಿಲ್ಲ. "ಅದು ಮನೆ ಬೇಕಾದವರಿಗೆ ಕಣೋ" ಅನ್ನುತ್ತಾರೆ. ಇವರ ಮನೆಯಲ್ಲಿ ಬೋರ್‌ವೆಲ್ ಇದೆ, ಮಕ್ಕಳಿಗೆ ಖಾಸಗಿ ಶಾಲೆಯ ವ್ಯಾನ್ ಬರುತ್ತದೆ. ಪಂಚಾಯಿತಿ ನಲ್ಲಿಯಲ್ಲಿ ವಾರ ನೀರು ಬರದಿದ್ದರೂ ಗೊತ್ತಾಗುವುದಿಲ್ಲ. ಹೀಗಾಗಿ ಸಭೆಯಲ್ಲಿ ಉಳಿಯುವವರು ಗುತ್ತಿಗೆದಾರರು ಮತ್ತು ಅರ್ಜಿ ಹಿಡಿದು ಕೈ ಕಟ್ಟಿ ನಿಂತವರು. ಮತ್ತೆ ಅದೇ ಬಂಗಲೆ, ಅದೇ ಲೈನ್ ಮನೆ, ನಡುವೆ ಚೆಕ್‌ರೋಲ್ ಹಿಡಿಯುವವರೇ ಇಲ್ಲ. "ತೆರಿಗೆ ಕಟ್ಟೋರು ನಾವು, ತಿನ್ನೋರು ಅವರು" ಅಂತ ಬೇರೆ ಹೇಳುತ್ತಾರೆ, ಅದು ನನಗೆ ತುಂಬ ನೋವು ಕೊಡುತ್ತದೆ. ಲೈನ್ ಮನೆಯವರು ಕೊಳ್ಳುವ ಸೋಪಿನ ಮೇಲೂ ತೆರಿಗೆ ಇದೆ.

ಹೋದ ವಾರ ತಮ್ಮ ಫೋನ್ ಮಾಡಿದ್ದ. ಸಭೆ ಇದೆಯಂತೆ, ಡಂಗುರ ಹೊಡೆದು ಹೋದರಂತೆ. ಲೈನ್ ಮನೆಗಳ ಕಡೆ ಪೈಪ್ ಯಾಕೆ ಇನ್ನೂ ಹೋಗಿಲ್ಲ ಅನ್ನುವ ಒಂದೇ ಪ್ರಶ್ನೆ ಕೇಳಿ ಬಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ "ಎಷ್ಟು ಗಂಟೆಗೆ ಅಂತ ಕೇಳ್ತೀನಿ" ಅಂದ.